ಟೊಳ್ಳು ಹಿಡಿಯೊಳಗೆ ಏನಿತ್ತು?

1988ರ ಬಕ್ರೀದ್‌ಗೆ ಎರಡು ವಾರ ಮುಂಚೆ ನನ್ನ ದೊಡ್ಡ ಮಾಮು ಜಿದ್ದಾದಿಂದ ರಜೆಗೆ ಬಂದರು. ಆಗೆಲ್ಲ ಸೌದಿಯಿಂದ ಬಂದವರ ಸೂಟ್‌ಕೇಸು ತೆರೆಯುವುದೆಂದರೆ ಇಡೀ ಓಣಿಗೇ ಹಬ್ಬ. ಅತ್ತರು, ನೋವಿನ ಮುಲಾಮು, ಕೈಬೆರಳಿನಷ್ಟಿದ್ದ ಟಾರ್ಚು, ಖರ್ಜೂರ ಎಲ್ಲ ಒಂದೊಂದಾಗಿ ಹೊರಬಂದು ಹಂಚಿಹೋದವು. ನನ್ನ ಪಾಲಿಗೆ ಬಂದದ್ದು ಕರಿ ಒರೆಯೊಳಗಿದ್ದ ಒಂದು ಚಾಕು. ಹತ್ತು ವರ್ಷದ ಹುಡುಗನಿಗೆ ಯಾರಾದರೂ ಚೂರಿ ತಂದುಕೊಡುತ್ತಾರೆಯೇ ಎಂದು ಅಮ್ಮಿ ಸಿಡುಕಿದರು. ಮಾಮು ನಕ್ಕು, "ಇದು ಚೂರಿಯಲ್ಲಮ್ಮ, ಡಬ್ಬಿ. ಒಳಗೆ ಏನಿದೆ ನೋಡು" ಎಂದು ಹಿಡಿಯ ತುದಿಯನ್ನು ತಿರುಗಿಸಿದರು.

ತುದಿಯ ಮುಚ್ಚಳ ಕಳಚಿ ಬಂತು. ಅದರ ತಲೆಯಲ್ಲಿ ಗಾಜಿನ ಗುಳ್ಳೆಯಂತಹ ಒಂದು ಪುಟ್ಟ ದಿಕ್ಸೂಚಿ. ಹಿಡಿಯನ್ನು ಬೋರಲು ಹಾಕಿದಾಗ ಅಂಗೈಗೆ ಬಿದ್ದವು: ಎರಡು ಗಾಳ, ಒಂದಿಷ್ಟು ನೈಲಾನ್ ದಾರ, ಸೀಸದ ಗುಂಡು, ಏಳೆಂಟು ಬೆಂಕಿಕಡ್ಡಿ, ಒಂದು ಸೂಜಿ, ಗಾಯಕ್ಕೆ ಅಂಟಿಸುವ ಪಟ್ಟಿ. ಅಲಗಿನ ಬೆನ್ನ ಮೇಲೆ ಗರಗಸದ ಹಲ್ಲುಗಳು. ನಮ್ಮೂರಿನ ವಿಡಿಯೊ ಪಾರ್ಲರಿನಲ್ಲಿ ಕದ್ದು ನೋಡಿದ್ದ ರಾಂಬೊನ ಚಾಕು ಸಾಕ್ಷಾತ್ ನನ್ನ ಕೈಯಲ್ಲಿತ್ತು.

ಮೂರನೆಯ ದಿನ ಹಿತ್ತಲಿನಲ್ಲಿ ಒಣ ತೆಂಗಿನಕಾಯಿಯ ಮೇಲೆ ಅದರ ಶಕ್ತಿ ಪರೀಕ್ಷೆ ನಡೆಸಿದೆ. ಅಲಗು ಕಾಯಿಯಲ್ಲೇ ಕಚ್ಚಿಕೊಂಡಿತು, ಹಿಡಿ ನನ್ನ ಕೈಯಲ್ಲಿ ಉಳಿಯಿತು. ಹಬ್ಬಕ್ಕೆ ಮನೆಯ ಚೂರಿಗಳನ್ನು ಸಾಣೆ ಹಿಡಿಸಲು ಅಬ್ಬಾ ಕುಲುಮೆಗೆ ಹೊರಟಾಗ ನಾನೂ ಎರಡು ತುಂಡನ್ನು ಎತ್ತಿಕೊಂಡು ಹಿಂದೆ ಹೋದೆ. ಕುಲುಮೆಯ ಅಜ್ಜ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕೆ ಬಾಲಾನೇ ಇಲ್ಲವಲ್ಲ ಸಾಹೇಬ್ರೆ! ಯಾವ ಪುಣ್ಯಾತ್ಮ ಮಾಡಿದ ಇದನ್ನ?" ಎಂದರು.

ಅಜ್ಜನ ಪ್ರಶ್ನೆ ಹಾಸ್ಯಕ್ಕೆ ಕೇಳಿದ್ದು. ನಾನು ಅದನ್ನು ಬಿಡಲಿಲ್ಲ. ಅಲಗಿನ ಬುಡದಲ್ಲಿ 'ತೈವಾನ್' ಎಂದು ಒತ್ತಿದ್ದ ಅಕ್ಷರಗಳಿಂದ ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಹೋಗುವುದು ಕಥೆ ಬರೆಯುವ ನನ್ನಂಥವನಿಗೆ ಹೇಗೋ ಒಂದು ಚಟವಾಗಿ ಅಂಟಿಕೊಂಡಿತು.

ಮೊದಲು ಅಜ್ಜ ಹೇಳಿದ ಬಾಲದ ಮಾತು. ಒಳ್ಳೆಯ ಚೂರಿಯ ಉಕ್ಕು ಹಿಡಿಯ ಬಾಯಲ್ಲಿ ನಿಲ್ಲುವುದಿಲ್ಲ. ಸಣ್ಣಗಾಗಿ ಹಿಡಿಯ ಒಳಗೂ ಹೋಗಿ, ಕೆಲವದರಲ್ಲಿ ಕೊನೆಯವರೆಗೂ ಚಾಚಿ, ಮರದ ಎರಡು ಹೋಳುಗಳ ನಡುವೆ ರಿವೆಟ್ ಬಿಗಿದುಕೊಂಡು ಕೂರುತ್ತದೆ. ಬಲ ಬಿದ್ದಾಗ ತಡೆದುಕೊಳ್ಳುವುದು ಆ ಬಾಲ. ಹಿಡಿಯೊಳಗೆ ಸಾಮಾನು ತುಂಬಬೇಕಾದರೆ ಬಾಲವನ್ನು ಕತ್ತರಿಸಲೇಬೇಕು. ಆಗ ಅಲಗೂ ಕೊಳವೆಯೂ ಸೇರುವ ಒಂದು ಅಂಗುಲ ಜಾಗದ ಮೇಲೆ ಇಡೀ ಚಾಕುವಿನ ಮಾನ ನಿಂತಿರುತ್ತದೆ. ಟೊಳ್ಳು ಹಿಡಿಯ ಚಾಕುಗಳ ಚರಿತ್ರೆಯೆಲ್ಲ ಈ ಒಂದು ಅಂಗುಲದ ಜೊತೆ ಕುಶಲಕರ್ಮಿಗಳು ನಡೆಸಿದ ಜಗಳವೇ. ಇನ್ನು ದಿಕ್ಸೂಚಿಯ ಕಥೆ ಕೇಳಿ. ಗೇಣುದ್ದದ ಉಕ್ಕಿನ ಬುಡದಲ್ಲಿ ಅಯಸ್ಕಾಂತದ ಮುಳ್ಳನ್ನು ಕೂರಿಸಿದರೆ ಅದು ಉತ್ತರಕ್ಕೆ ಮುಖ ಮಾಡುವುದನ್ನು ಬಿಟ್ಟು ಅಲಗಿನ ಕಡೆಗೇ ವಾಲುತ್ತದೆ. ಮುಚ್ಚಳ ಕಳಚಿ ದೂರ ಹಿಡಿದರೆ ಮಾತ್ರ ನಿಜ ಹೇಳುತ್ತದೆ. ಮಸೀದಿಯ ದಿಕ್ಕು ಚೆನ್ನಾಗಿ ಗೊತ್ತಿದ್ದ ನನಗೆ ಅದು ಸುಳ್ಳು ಹೇಳುತ್ತಿದೆ ಎಂಬುದು ಮೊದಲ ದಿನವೇ ತಿಳಿದಿತ್ತು.

ಇಂತಹ ಚಾಕುಗಳನ್ನು ಕೂಡಿಹಾಕುವವರು ಅಮೆರಿಕ, ಯುರೋಪುಗಳಲ್ಲಿ ಬಹಳ ಜನ. ಅವರಿಗೆ ಹರಿತದ ಚಿಂತೆಯಿಲ್ಲ. ಅಲಗಿನ ಬುಡದ ಮುದ್ರೆ, ಗರಗಸದ ಹಲ್ಲುಗಳ ಲೆಕ್ಕ, ಅಡ್ಡಪಟ್ಟಿಯ ತುದಿ, ಮುಚ್ಚಳದ ಲೋಹ, ಒರೆ ಹೊಲಿದವನ ಗುರುತು ಇವೇ ಅವರ ಶಾಸನಗಳು. ಒಂದು ಒರೆಯ ಜೇಬಿನೊಳಗೆ ಮೂಲದ ಸಾಣೆಕಲ್ಲು ಇದೆಯೋ ಇಲ್ಲವೋ ಎಂಬುದರ ಮೇಲೆ ಬೆಲೆ ಏರಿಳಿಯುತ್ತದೆ. ನನ್ನ ಸಂಗ್ರಹದಲ್ಲಿ ಇರುವುದು ಬರೇ ನಾಲ್ಕು, ಎಲ್ಲವೂ ಗಿಡ್ಡ ಅಲಗಿನವು. ದುಡ್ಡಿಲ್ಲದ್ದು ಒಂದು ಕಾರಣ. ಇನ್ನೊಂದು ಕಾರಣ ನಮ್ಮ ಕಾನೂನು. 1959ರ ಆಯುಧ ಕಾಯ್ದೆಯ ಕೆಳಗೆ ಬಂದ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧಗಳ ಪಟ್ಟಿಗೆ ಸೇರಿಸುತ್ತವೆ. ಮನೆಬಳಕೆ, ಬೇಸಾಯ, ಕೈಗಾರಿಕೆಯವಕ್ಕೆ ವಿನಾಯಿತಿ ಇದೆ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶದಲ್ಲಿ ಪಟ್ಟಿಯ ವಸ್ತುವಿಗೆ ಪರವಾನಗಿ ಬೇಕು. ಸಿನಿಮಾದ ಚಾಕು ಸರಿಯಾಗಿ ಈ ಗೆರೆಯ ಮೇಲೆ ನಿಂತಿದೆ. ನನ್ನ ಹೆಸರಿನವನು ಆ ಗೆರೆಯಿಂದ ಎರಡು ಇಂಚು ಈಚೆಗೇ ನಿಲ್ಲುವುದು ಒಳ್ಳೆಯದು ಎಂದು ಮನೆಯವರ ಅಭಿಪ್ರಾಯ. ಹಾಗಾಗಿ ನನ್ನ ಸಂಗ್ರಹ ಹೆಚ್ಚಾಗಿ ಚಿತ್ರಗಳದ್ದು, ಹಳೆಯ ಜಾಹೀರಾತುಗಳದ್ದು, ಟಿಪ್ಪಣಿಗಳದ್ದು.

ತೈವಾನಿನಿಂದ ಹಿಂದಕ್ಕೆ ಹೊರಟರೆ ಮೊದಲು ಸಿಗುವುದು ಜಪಾನಿನ ಸೆಕಿ ಪಟ್ಟಣ. ಶತಮಾನಗಳ ಕಾಲ ಸಮುರಾಯಿಗಳಿಗೆ ಕತ್ತಿ ಬಡಿದ ಊರು, 1980ರ ದಶಕದಲ್ಲಿ ಅಮೆರಿಕದ ಅಂಗಡಿಗಳಿಗೆ ರಾಂಬೊ ಮಾದರಿಯ ಚಾಕುಗಳನ್ನು ಹಡಗಿನಲ್ಲಿ ತುಂಬಿ ಕಳಿಸುತ್ತಿತ್ತು. ತೈವಾನಿನವು ಅದರ ನಕಲಿನ ನಕಲು. ಸೆಕಿಯ ಸರಕು ಅಷ್ಟು ಕಳಪೆಯಲ್ಲ. ಸಂಗ್ರಾಹಕರು ಇವತ್ತಿಗೂ ಅದನ್ನು ಬೇರೆಯಾಗಿ ಎತ್ತಿಡುತ್ತಾರೆ.

ಸ್ಪೇನ್ ಇನ್ನೊಂದು ದಾರಿ. ಬಾಸ್ಕ್ ಸೀಮೆಯ ಎರ್ಮುವಾ ಎಂಬ ಊರಿನ ಐಟೋರ್ ಕಂಪನಿ 'ಜಂಗಲ್ ಕಿಂಗ್' ಎಂಬ ಚಾಕು ಮಾಡಿತು. ಅದರ ಒರೆಯಲ್ಲೇ ಕವಣೆ, ಮರಿ ಚಾಕು. ಹಿಡಿಯೊಳಗೆ ಮತ್ತಷ್ಟು ಸಾಮಾನು. ತೊಲೆದೊ ನಗರದ ಮಾರ್ತೊ ಕಂಪನಿ 'ಎಕ್ಸ್‌ಪ್ಲೋರಾ'ವನ್ನು ತಂದಿತು. ಈ ಕಾಲದ ಕೆಲವು ಒರೆಗಳ ಮೇಲೆ ಮೋರ್ಸ್ ಸಂಕೇತಗಳ ಪಟ್ಟಿಯೇ ಅಚ್ಚಾಗಿರುತ್ತಿತ್ತು. ತೊಲೆದೊ ಎಂದ ಕೂಡಲೇ ಉರ್ದು ಶಾಲೆಯಲ್ಲಿ ಅಂದಲೂಸಿನ ಪಾಠ ಕೇಳಿದವರ ಕಿವಿ ನೆಟ್ಟಗಾಗುತ್ತದೆ. ಅರಬರು ತುಲೈತುಲಾ ಎಂದು ಕರೆದ, 1085ರಲ್ಲಿ ಆರನೆಯ ಅಲ್ಫೋನ್ಸೊನ ವಶವಾದ, ಕತ್ತಿಯ ಉಕ್ಕಿಗೆ ಹೆಸರಾದ ಅದೇ ಊರು. ಕತ್ತಿಗೆ ಹೆಸರಾದ ಎರಡು ಊರುಗಳು, ಒಂದು ಪೂರ್ವದ್ದು ಒಂದು ಪಶ್ಚಿಮದ್ದು, ಒಂದೇ ದಶಕದಲ್ಲಿ ಒಂದು ಸಿನಿಮಾದ ಹಿಂದೆ ಓಡಿದವಲ್ಲ ಎಂದು ನನಗೆ ನಗುವೂ ಬಂತು, ಬೇಸರವೂ ಆಯಿತು.

ಸಿನಿಮಾ 1982ರ 'ಫಸ್ಟ್ ಬ್ಲಡ್'. ಡೇವಿಡ್ ಮೊರೆಲ್ 1972ರಲ್ಲಿ ಬರೆದ ಕಾದಂಬರಿಯನ್ನು ಟೆಡ್ ಕಾಚೆಫ್ ತೆರೆಗೆ ತಂದರು. ನಾಯಕನಿಗೆ ಹೆಸರು ಹುಡುಕುತ್ತಿದ್ದಾಗ ಹೆಂಡತಿ ತಂದಿಟ್ಟ ಸೇಬಿನ ತಳಿಯ ಹೆಸರು 'ರಾಂಬೊ' ಎಂದು ತಿಳಿದು ಅದನ್ನೇ ಇಟ್ಟೆ ಎಂದು ಮೊರೆಲ್ ಹೇಳಿಕೊಂಡಿದ್ದಾರೆ. ನಾನೂ ಪಾತ್ರಗಳಿಗೆ ಹೆಸರಿಡಲು ಒದ್ದಾಡುವವನಾದ್ದರಿಂದ ಈ ಸೇಬಿನ ಮೇಲೆ ನನಗೆ ಹೊಟ್ಟೆಕಿಚ್ಚು. ಕಾದಂಬರಿಯಲ್ಲಿ ರಾಂಬೊ ಕೊನೆಗೆ ಸಾಯುತ್ತಾನೆ. ಸಿನಿಮಾ ಅವನನ್ನು ಬದುಕಿಸಿಕೊಂಡಿತು, ಮುಂದಿನ ಭಾಗಗಳಿಗೆ ದುಡಿಸಿಕೊಂಡಿತು.

ಚಿಕ್ಕವನಿದ್ದಾಗ ನನಗೆ ಕಂಡದ್ದು ಬರೇ ಹೊಡೆದಾಟ. ಮೂವತ್ತು ದಾಟಿದ ಮೇಲೆ ಮತ್ತೆ ನೋಡಿದಾಗ ಬೇರೆಯೇ ಕಂಡಿತು. ವಿಯೆಟ್ನಾಂ ಯುದ್ಧದಿಂದ ಬಂದವನೊಬ್ಬ ಹಳೆಯ ಸೈನ್ಯದ ಅಂಗಿ ಹಾಕಿಕೊಂಡು, ಕೂದಲು ಬಿಟ್ಟುಕೊಂಡು ಒಂದು ಸಣ್ಣ ಊರಿನ ರಸ್ತೆಯಲ್ಲಿ ನಡೆದು ಹೋಗುತ್ತಿದ್ದಾನೆ. ಊಟ ಮಾಡಬೇಕು, ಅಷ್ಟೆ. ಅವನ ವೇಷ ನೋಡಿ ಪೊಲೀಸ್ ಅಧಿಕಾರಿಗೆ ಅನುಮಾನ. ಕಾರಿನಲ್ಲಿ ಕೂರಿಸಿಕೊಂಡು ಊರಾಚೆ ಬಿಟ್ಟು ಬರುತ್ತಾನೆ. ಇವನು ಮತ್ತೆ ಊರಿನ ಕಡೆ ತಿರುಗುತ್ತಾನೆ. ತಡವಿ ನೋಡಿದರೆ ಚಾಕು. ಇದು ನಿನಗೇಕೆ ಎಂಬ ಪ್ರಶ್ನೆ. ಠಾಣೆ. ಆಮೇಲೆ ಕಾಡು. ಚಾಕು ಅಲ್ಲಿ ಮೊದಲು ಬರುವುದು ಆರೋಪಪಟ್ಟಿಯ ಒಂದು ಸಾಲಾಗಿ. ನಂತರ ಅದೇ ಚಾಕುವಿನ ಹಿಡಿ ತೆರೆದು, ಸೂಜಿ ದಾರ ತೆಗೆದು, ಸೀಳಿದ ತನ್ನ ತೋಳನ್ನು ಅವನು ತಾನೇ ಹೊಲಿದುಕೊಳ್ಳುತ್ತಾನೆ. ಆ ಹೊಲಿಗೆ ನೋಡಿಯೇ ಜಗತ್ತಿನ ಹುಡುಗರೆಲ್ಲ ಟೊಳ್ಳು ಹಿಡಿಯ ಚಾಕುವಿಗೆ ಮರುಳಾದದ್ದು.

ಆ ಚಾಕು ಮಾಡಿದವರು ಅಮೆರಿಕದ ಅರ್ಕಾನ್ಸಾ ರಾಜ್ಯದ ರಸೆಲ್‌ವಿಲ್ ಊರಿನ ಜಿಮ್ಮಿ ಲೈಲ್. 9 ಇಂಚಿನ ಅಲಗು, ಬೆನ್ನ ಮೇಲೆ ಹಲ್ಲುಗಳು, ಹಿಡಿಗೆ ಸುತ್ತಿದ ಹಸಿರು ದಾರ, ಅಡ್ಡಪಟ್ಟಿಯ ಎರಡು ತುದಿಯಲ್ಲಿ ಎರಡು ಬಗೆಯ ಸ್ಕ್ರೂಡ್ರೈವರ್. 1985ರ ಎರಡನೆಯ ಚಿತ್ರಕ್ಕೂ ಅವರೇ ಮಾಡಿಕೊಟ್ಟರು. ಲೈಲ್ 1991ರಲ್ಲಿ ತೀರಿಕೊಂಡರು. ಇವತ್ತು ಅವರ ಕೈಯಿಂದ ಬಂದ ಒಂದು ಚಾಕು ಸಾಮಾನ್ಯ ಸಂಗ್ರಾಹಕನ ಕನಸಿಗೂ ದೂರ. ನಕಲಿಗಳಂತೂ ಬೇಕಾದಷ್ಟು.

ಸಿನಿಮಾ ಹುಟ್ಟಿಸಿದ ಹಸಿವಿಗೆ ದೊಡ್ಡ ಕಂಪನಿಗಳೂ ಅಡುಗೆ ಹಾಕಿದವು. ಕ್ಯಾಲಿಫೋರ್ನಿಯಾದ ಬಕ್ ಕಂಪನಿ 1984ರಲ್ಲಿ 'ಬಕ್‌ಮಾಸ್ಟರ್' ತಂದಿತು. ಅಡ್ಡಪಟ್ಟಿಗೆ ಎರಡು ಮೊಳೆ ತಿರುಗಿಸಿದರೆ ಚಾಕುವೇ ಲಂಗರು! ಕೈಯಲ್ಲಿ ಹಿಡಿದರೆ ಹಾರೆಯ ಭಾರ. ನನಗಂತೂ ಅದು ಹಿಡಿಸಲಿಲ್ಲ. ಅದಕ್ಕಿಂತ ದಕ್ಷಿಣ ಆಫ್ರಿಕದ ಕ್ರಿಸ್ ರೀವ್ ಮಾಡಿದ ಕೆಲಸ ದೊಡ್ಡದು. ಅಲಗನ್ನು ಕೊಳವೆಗೆ ಬೆಸೆಯುವ ಗೊಡವೆಯೇ ಬೇಡವೆಂದು ಅವರು ಒಂದೇ ಉಕ್ಕಿನ ಸಲಾಕೆಯ ಒಂದು ಕಡೆ ಅಲಗನ್ನು ಕಡೆದು, ಇನ್ನೊಂದು ಕಡೆ ಹಿಡಿಯನ್ನು ಕೊರೆದು ಟೊಳ್ಳು ಮಾಡಿದರು. ಕೀಲೇ ಇಲ್ಲದ ಮೇಲೆ ಮುರಿಯುವುದೆಲ್ಲಿ? ಕುಲುಮೆಯ ಅಜ್ಜನಿಗೆ ಅದನ್ನು ತೋರಿಸಲಾಗಲಿಲ್ಲ ಎಂಬ ಕೊರಗು ನನಗಿದೆ.

ಇವರೆಲ್ಲರಿಗೂ ಹಿಂದೆ ಇದ್ದವರು ಫ್ಲಾರಿಡಾದ ಒರ್ಲಾಂಡೊದಲ್ಲಿ ಕಿತ್ತಳೆ ತೋಟ ಮಾಡಿಕೊಂಡಿದ್ದ ಡಬ್ಲ್ಯು. ಡಿ. 'ಬೋ' ರಾಂಡಲ್. 1930ರ ದಶಕದಲ್ಲಿ ಒಮ್ಮೆ ಯಾರೋ ಒಬ್ಬರು ದೋಣಿಯ ಬಣ್ಣವನ್ನು ಚಾಕುವಿನಿಂದ ಕೆರೆಯುತ್ತಿದ್ದುದನ್ನು ಅವರು ನೋಡಿದರು. ಅಷ್ಟು ಒರಟು ಕೆಲಸಕ್ಕೂ ಅಲಗು ಮೊಂಡಾಗಿರಲಿಲ್ಲ. ವಿಚಾರಿಸಿದರೆ ಅದು ವಿಲಿಯಂ ಸ್ಕೇಗಲ್ ಎಂಬ ಕುಶಲಿಯ ಕೈಕೆಲಸ. ಅಂದು ಹತ್ತಿದ ಹುಚ್ಚು ತೋಟಗಾರನನ್ನು ಕಮ್ಮಾರನನ್ನಾಗಿ ಮಾಡಿತು. ಎರಡನೆಯ ಮಹಾಯುದ್ಧದ ಸೈನಿಕರು ಅವರ ಚಾಕುಗಳನ್ನು ಕೇಳಿ ತರಿಸಿಕೊಂಡರು. ಅಮೆರಿಕದ ಮೊದಲ ಗಗನಯಾತ್ರಿಗಳಿಗೂ ಅವರದೇ ಚಾಕು. 1961ರ ಜುಲೈ 21ರಂದು ಗಸ್ ಗ್ರಿಸಂ ಬಾಹ್ಯಾಕಾಶದಿಂದ ಮರಳಿ ಸಮುದ್ರಕ್ಕಿಳಿದಾಗ ನೌಕೆಯ ಬಾಗಿಲು ಸಿಡಿದು ನೀರು ನುಗ್ಗಿತು. ಗ್ರಿಸಂ ಬದುಕಿದರು, 'ಲಿಬರ್ಟಿ ಬೆಲ್ 7' ಮುಳುಗಿತು. 1999ರಲ್ಲಿ ನಾಲ್ಕೂವರೆ ಕಿಲೋಮೀಟರಿಗೂ ಹೆಚ್ಚು ಆಳದಿಂದ ಅದನ್ನು ಮೇಲೆತ್ತಿದಾಗ ಒಳಗೆ ರಾಂಡಲ್ ಚಾಕು ಇತ್ತು. 38 ವರ್ಷ ಉಪ್ಪುನೀರಿನಲ್ಲಿ ಬಿದ್ದಿದ್ದರೂ ಹಾಳಾಗಿರಲಿಲ್ಲ.

ಈಗ ನಾವು ಹುಡುಕುತ್ತಿದ್ದ ಜಾಗಕ್ಕೆ ಬಂದೆವು. 1963. ವಿಯೆಟ್ನಾಮಿನಲ್ಲಿ ಅಮೆರಿಕ ಇನ್ನೂ 'ಸಲಹೆಗಾರ' ಎಂಬ ಹೆಸರಿನಲ್ಲೇ ಇತ್ತು. ಆ ವರ್ಷದ ಕೊನೆಗೆ ಅಲ್ಲಿದ್ದ ಅಮೆರಿಕನ್ ಸೈನಿಕರು ಸುಮಾರು 16,000. ಆ ಯುದ್ಧದಲ್ಲಿ ಹೆಲಿಕಾಪ್ಟರೇ ಎತ್ತಿನಗಾಡಿ. ಅದು ಕಾಡಿನಲ್ಲಿ ಬಿದ್ದಾಗ ಒಳಗಿದ್ದವರು ತಗಡಿನ ಗೋಡೆ ಸೀಳಿಕೊಂಡು ಹೊರಬರಬೇಕು. ಬಂದ ಮೇಲೆ ಯಾರಾದರೂ ಬಂದು ಎತ್ತುವವರೆಗೆ ಜೀವ ಹಿಡಿದುಕೊಂಡಿರಬೇಕು. ಅಲ್ಲಿದ್ದ ಕ್ಯಾಪ್ಟನ್ ಜಾರ್ಜ್ ಇಂಗ್ರಹಾಮ್ ರಾಂಡಲ್‌ಗೆ ಎರಡು ಸಲಹೆ ಕೊಟ್ಟರು: ಅಲಗಿನ ಬೆನ್ನಿಗೆ ವಿಮಾನದ ತಗಡು ಕೊಯ್ಯಬಲ್ಲ ಗರಗಸದ ಹಲ್ಲು ಇರಲಿ, ಹಿಡಿ ಟೊಳ್ಳಾಗಿರಲಿ, ಅದರೊಳಗೆ ಬದುಕಲು ಬೇಕಾದ್ದನ್ನು ಇಟ್ಟುಕೊಳ್ಳಲಿ. ಹೀಗೆ ಹುಟ್ಟಿದ್ದು ರಾಂಡಲ್‌ರ 18ನೇ ಮಾದರಿ. ಐದೂವರೆ ಅಥವಾ ಏಳೂವರೆ ಇಂಚಿನ ಅಲಗು, ಉಕ್ಕಿನ ಕೊಳವೆಯ ಹಿಡಿ. ಮುಂದೆ ಬಂದ ಲೈಲ್, ಐಟೋರ್, ಸೆಕಿ, ತೈವಾನ್, ನಮ್ಮ ಮಾಮುವಿನ ಸೂಟ್‌ಕೇಸು ಎಲ್ಲ ಇದರ ಸಂತಾನ.

ಆ ಕ್ಯಾಪ್ಟನ್ ಇಂಗ್ರಹಾಮ್ ಯಾರು ಗೊತ್ತೆ? ಕಮಾಂಡೊ ಅಲ್ಲ, ಬೇಹುಗಾರನೂ ಅಲ್ಲ. ಸೈನ್ಯದ ಒಬ್ಬ ಡಾಕ್ಟರ್.

ಇದನ್ನು ಮೊದಲು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಲ್ಲು ಕಿರಿಯುವ ಆ ಆಯುಧದ ಬೀಜ ಒಬ್ಬ ವೈದ್ಯರ ತಲೆಯಲ್ಲಿತ್ತು. ಮೊದಮೊದಲ 18ನೇ ಮಾದರಿಯ ಕೆಲವು ಚಾಕುಗಳ ಹಿಡಿಯನ್ನು ಮುಚ್ಚಲು ಬಳಸಿದ್ದೇನು ಎಂದು ಕೇಳಿದರೆ ಇನ್ನೂ ಆಶ್ಚರ್ಯ. ಊರುಗೋಲಿನ ತುದಿಗೆ ಹಾಕುವ ರಬ್ಬರಿನ ಬಿರಡೆ! ಹಿತ್ತಾಳೆಯ ತಿರುಪಿನ ಮುಚ್ಚಳ ಗಟ್ಟಿಯಾಗಿ ನೆಲೆಯೂರಿದ್ದು ಆಮೇಲೆ. ಊರುಗೋಲಿನ ಬಿರಡೆಯ ರಾಂಡಲ್ ಎಂದರೆ ಇಂದು ಸಂಗ್ರಾಹಕರು ಎದ್ದು ನಿಲ್ಲುತ್ತಾರೆ. ಅವರು ನೋಡುವುದು ಅದು ಎಷ್ಟು ಅಪರೂಪ ಎಂದು. ನನಗೆ ಕಾಣುವುದು ಕಾಲು ಕಳೆದುಕೊಂಡವರ ವಾರ್ಡು.

ಆದರೆ ಡಾಕ್ಟರರನ್ನು ಸಂತನನ್ನಾಗಿ ಮಾಡಲು ನಾನು ತಯಾರಿಲ್ಲ. ರಾಂಡಲ್ ಆ ಚಾಕುವಿಗೆ ಇಟ್ಟ ಹೆಸರಿನಲ್ಲೇ ಮೊದಲು 'ದಾಳಿ', ಆಮೇಲೆ 'ಬದುಕುಳಿಯುವುದು'. ಬಿದ್ದ ಹೆಲಿಕಾಪ್ಟರಿನಿಂದ ಹೊರಬರುವವನ ಜೀವದ ಬಗ್ಗೆ ಅಷ್ಟು ಯೋಚಿಸಿದ ಆ ಯುದ್ಧ, ಹೆಲಿಕಾಪ್ಟರಿನ ಕೆಳಗೆ ಗದ್ದೆಯಲ್ಲಿದ್ದವರ ಬಗ್ಗೆ ಎಷ್ಟು ಯೋಚಿಸಿತು? ಯುದ್ಧ ಮುಗಿದಾಗ ಸತ್ತ ಅಮೆರಿಕನ್ ಸೈನಿಕರು 58,000ಕ್ಕೂ ಹೆಚ್ಚು. ತಮ್ಮ ನಾಗರಿಕರೇ ಸುಮಾರು 20 ಲಕ್ಷ ಸತ್ತರೆಂದು ವಿಯೆಟ್ನಾಂ ಸರ್ಕಾರ 1995ರಲ್ಲಿ ಪ್ರಕಟಿಸಿತು. ಅವರಿಗಾಗಿ ಯಾರೂ ಯಾವ ಹಿಡಿಯನ್ನೂ ಕೊರೆಯಲಿಲ್ಲ. ರಾಂಬೊನ ಚಿತ್ರಗಳಲ್ಲಿ ಅವರು ಕಥೆಯ ಹಿನ್ನೆಲೆಯ ಕಾಡಿನಂತೆ ಉಳಿದರು.

ಸೋವಿಯತ್ ಒಕ್ಕೂಟವೂ ಟೊಳ್ಳು ಹಿಡಿಯ ಚಾಕು ಮಾಡಿತ್ತು. ತೂಲಾ ನಗರದಲ್ಲಿ ತಯಾರಾದ 'ಎನ್‌ಆರ್‌ಎಸ್-2' ಎಂಬುದರ ಹಿಡಿಯೊಳಗೆ ಇದ್ದದ್ದು ಸೂಜಿಯೂ ಅಲ್ಲ, ಗಾಳವೂ ಅಲ್ಲ. ಸದ್ದಿಲ್ಲದೆ ಹಾರುವ 7.62 ಮಿ.ಮೀ.ನ ಒಂದು ಗುಂಡು. ಬೇಹುಪಡೆಯವನು ಚಾಕುವನ್ನು ಹಿಂದುಮುಂದಾಗಿ ಹಿಡಿದು, ಹಿಡಿಯ ತುದಿಯನ್ನು ಎದುರಿನವನ ಕಡೆ ತೋರಿಸಿ ಹಾರಿಸಬೇಕು. ಗುಂಡಿನ ಬದಲು ಚಿಕ್ಕಪುಟ್ಟ ಸಲಕರಣೆ ತುಂಬಿದ ಇನ್ನೊಂದು ಮಾದರಿಯೂ ಇತ್ತು. ಒಂದೇ ಆಕಾರದ ಟೊಳ್ಳು, ಬೇಕಾದರೆ ಗುಂಡು, ಬೇಕಾದರೆ ಸೂಜಿ. ಆ ಹೊತ್ತಿಗೆ ಸೋವಿಯತ್ ಸೈನ್ಯ ಅಫ್ಘಾನಿಸ್ತಾನದಲ್ಲಿತ್ತು. 1988ರ ಮೇ 15ರಂದು ಅದು ಅಲ್ಲಿಂದ ಹೊರಡತೊಡಗಿತು. ಹತ್ತು ದಿನದ ನಂತರ ಅಮೆರಿಕದಲ್ಲಿ ಮೂರನೆಯ ರಾಂಬೊ ಬಿಡುಗಡೆಯಾಯಿತು. ಈ ಸಲ ಅವನು ಅಫ್ಘಾನರ ಪರ ಸೋವಿಯತ್ ಸೈನ್ಯದ ವಿರುದ್ಧ ಹೋರಾಡುತ್ತಾನೆ. ಚಿತ್ರದ ಕೊನೆಯಲ್ಲಿ ಅಫ್ಘಾನಿಸ್ತಾನದ ಧೀರ ಜನರಿಗೆ ಅರ್ಪಣೆ. 'ಮುಜಾಹಿದೀನರಿಗೆ' ಎಂದಿದ್ದುದನ್ನು 2001ರ ನಂತರ ತಿದ್ದಿದರು ಎಂದು ಭಾಷಣಗಳಲ್ಲಿ ಹೇಳುವವರಿದ್ದಾರೆ. ಅದು ಕಟ್ಟುಕಥೆ. ಅರ್ಪಣೆ ಮೊದಲಿನಿಂದಲೂ ಜನರಿಗೇ. ಅಮೆರಿಕವನ್ನು ಹಂಗಿಸಲು ಬೇಕಾದಷ್ಟು ನಿಜವೇ ಇರುವಾಗ ಸುಳ್ಳಿನ ಸಾಲ ಏಕೆ? ಆ ಚಿತ್ರದ ಚಾಕು ಗಿಲ್ ಹಿಬ್ಬನ್ ಅವರ ಕೈಕೆಲಸ. ಅದರ ಹಿಡಿ ಟೊಳ್ಳಲ್ಲ. ಸೂಜಿಗೂ ದಾರಕ್ಕೂ ಅದರೊಳಗೆ ಜಾಗ ಉಳಿದಿರಲಿಲ್ಲ.

ಇಷ್ಟು ಹೇಳಿದ ಮೇಲೆ, "ಇದೆಲ್ಲ ನಮ್ಮ ದೇಶದಲ್ಲಿ ಮೊದಲೇ ಇತ್ತಲ್ಲ" ಎಂದು ಗೆಳೆಯರೊಬ್ಬರು ವಾದಕ್ಕೆ ಬಂದರು. ಇದ್ದದ್ದು ನಿಜ. ಕಚ್ಛ್ ಸೀಮೆಯ 'ಭುಜ್' ಎಂಬ ಆಯುಧಕ್ಕೆ ಗಿಡ್ಡ ಅಗಲ ಅಲಗು, ಕೊಡಲಿಯಂತಹ ಉದ್ದ ಕಾವು. ಅಲಗು ಕಾವಿಗೆ ಸೇರುವ ಕಡೆ ಆನೆಯ ತಲೆಯ ಅಲಂಕಾರ. ಕಾವಿನ ತುದಿಯ ಗುಂಡನ್ನು ತಿರುಗಿಸಿ ಎಳೆದರೆ ಒಳಗಿನಿಂದ ಸೂಜಿಯಂತಹ ಇನ್ನೊಂದು ಕಠಾರಿ ಹೊರಬರುತ್ತದೆ. ಕೋಲಿನೊಳಗೆ ಅಡಗಿದ ಗುಪ್ತಿಯನ್ನು ನಮ್ಮ ಅಜ್ಜಂದಿರ ಕಾಲದವರು ಕಂಡಿದ್ದರು. ಗೂರ್ಖರ ಖುಕುರಿಯ ಒರೆಯಲ್ಲಿ ಎರಡು ಪುಟ್ಟ ಜೊತೆಗಾರರಿರುತ್ತಾರೆ. ಕರ್ದಾ ಚಿಕ್ಕ ಕೆಲಸಕ್ಕೆ, ಚಕ್ಮಕ್ ಅಲಗು ಉಜ್ಜಲು, ಕಲ್ಲಿಗೆ ಹೊಡೆದು ಬೆಂಕಿ ಮಾಡಲು. ಅಮೆರಿಕದಲ್ಲೂ ರಾಂಡಲ್‌ಗೆ ಎಷ್ಟೋ ಮೊದಲೇ ಮರದ ಹಿಡಿಯೊಳಗೆ ಉಳಿ, ಬೈರಿಗೆಗಳನ್ನು ತುಂಬಿಡುವ ಬಡಗಿಯ ಹತಾರಗಳು ಮಾರಾಟವಾಗುತ್ತಿದ್ದವು. ಹಾಗೆಂದು ಕಚ್ಛ್‌ನಿಂದ ಒರ್ಲಾಂಡೊಗೆ ದಾರಿ ಎಳೆಯಲು ನನ್ನ ಬಳಿ ಆಧಾರವಿಲ್ಲ, ಎಳೆಯುವ ಆಸೆಯೂ ಇಲ್ಲ. ಕೈಯಲ್ಲಿ ಹಿಡಿಯುವ ವಸ್ತುವಿನೊಳಗೆ ಖಾಲಿ ಜಾಗ ಕಂಡರೆ ಏನಾದರೂ ಬಚ್ಚಿಡೋಣ ಎನ್ನಿಸುವುದು ಯಾವ ದೇಶದವನಿಗಾದರೂ ಸಹಜ. ಕಚ್ಛ್‌ನವನು ಇನ್ನೊಂದು ಕಠಾರಿಯನ್ನಿಟ್ಟ. ಡಾಕ್ಟರು ಇನ್ನೇನನ್ನೋ ಇಡಬೇಕೆಂದರು.

ಮುರಿದ ನನ್ನ ಚಾಕುವಿನ ಅಲಗನ್ನು ಕುಲುಮೆಯ ಅಜ್ಜ ಅಂದೇ ಇಟ್ಟುಕೊಂಡರು. "ಇದರ ಉಕ್ಕು ಮೊಳೆಗೂ ಸಾಲದು" ಎಂದು ಗೊಣಗುತ್ತಲೇ ಮೂಲೆಗೆ ಎಸೆದರು. ಕೊಳವೆಯನ್ನು ಅಮ್ಮಿ ನನ್ನ ಕೈಯಿಂದ ಕಸಿದುಕೊಂಡರು. ಮಾಮು ಜಿದ್ದಾದಲ್ಲೇ ಎರಡು ದಶಕ ದುಡಿದು, ಬಂದು, ಇಲ್ಲಿಯೇ ಮಣ್ಣಾದರು. ಕಳೆದ ರಂಜಾನಿನಲ್ಲಿ ನನ್ನ ಕುರ್ತಾದ ಗುಂಡಿ ಕಿತ್ತುಹೋಗಿತ್ತು. ಅಮ್ಮಿ ಹಾಸಿಗೆಯ ಪಕ್ಕದ ಬಟ್ಟೆಗಂಟಿನಿಂದ ಆ ಕರಿ ಕೊಳವೆಯನ್ನು ತೆಗೆದು ಮುಚ್ಚಳ ತಿರುಗಿಸಿದರು. ದಿಕ್ಸೂಚಿಯ ಗುಳ್ಳೆಯೊಳಗಿನ ನೀರು ಎಂದೋ ಒಣಗಿ ಮುಳ್ಳು ಒಂದು ಮಗ್ಗುಲಿಗೆ ಬಿದ್ದಿತ್ತು. ಒಳಗೆ ಆರೇಳು ಸೂಜಿ, ಬಿಳಿ ದಾರದ ಒಂದು ಉಂಡೆ. ಸೂಜಿಯನ್ನೂ ದಾರವನ್ನೂ ನನ್ನ ಕಡೆ ಚಾಚಿ, "ಪೋಣಿಸಿಕೊಡು ಬೇಟಾ, ನನಗೆ ಕಣ್ಣು ಕಾಣುವುದಿಲ್ಲ" ಎಂದರು.